ಸೋಲಲು ಹೊರಟ ಗುರುಬಸವ

ಸಾಹೇಬರು ಹೊಸ ಟೇಬಲ್ ಟೆನಿಸ್ ಬ್ಯಾಟು ಕೊಂಡದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಬ್ಯಾಟು ಬಂದ ಮೇಲೆ ಪಂದ್ಯ ಬೇಕಾಯಿತು. ಸಿಂಧನೂರಿನ ಆ ಸರಕಾರಿ ಕಚೇರಿಯಲ್ಲಿ ಸಾಹೇಬ ಶಿವಶರಣಪ್ಪನವರನ್ನೂ ಸೇರಿಸಿ ಆಡಬಲ್ಲವರು ನಾಲ್ಕೇ ಜನ ಸಿಕ್ಕರು. ಚೀಟಿ ಎತ್ತಿದರೆ ಸೆಮಿಫೈನಲ್ಲಿಗೇ ಸಾಹೇಬರ ಎದುರು ಬಿದ್ದದ್ದು ಗುಮಾಸ್ತ ಗುರುಬಸವನ ಹೆಸರು.

ಗುರುಬಸವನ ಮನೆ ಮಸ್ಕಿಯಲ್ಲಿ. ದಿನಾ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ, ನಿಂತೇ ಹೋಗುತ್ತಿದ್ದ. ಬೆಳಿಗ್ಗೆ ಹೊರಡುವಾಗ ಮಗಳು ಎದ್ದಿರುತ್ತಿರಲಿಲ್ಲ, ಮರಳುವಾಗ ಮಲಗಿರುತ್ತಿದ್ದಳು. ಭಾನುವಾರ ಅವಳು ಅವನನ್ನು ಅತಿಥಿಯಂತೆ ನೋಡುತ್ತಿದ್ದಳು. ಈಗ ಮಸ್ಕಿ ಕಚೇರಿಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಅಲ್ಲಿಗೆ ವರ್ಗಾವಣೆ ಕೇಳಿದ ಅವನ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು.

"ಇವತ್ತು ನೀ ಸೋಲಬೇಕಲೇ," ಎಂದರು ಹಿರಿಯ ಗುಮಾಸ್ತ ಖಾಜಾಸಾಬ್. "ಸಾಹೇಬ್ರು ಖುಷ್ ಆದ್ರ ಸಹಿ ಬಿತ್ತಂತ ತಿಳಿ. ಗೆದ್ದಿ ಅಂದ್ರ ಮಸ್ಕಿ ಮರತುಬಿಡು."

"ಸೋಲಾದು ನನಗ ಹೊಸಾದೇನ್ರಿ ಚಾಚಾ?"

ಅದು ನಿಜವೇ. ಪ್ರತಿ ವರ್ಷ ನೌಕರರ ಪಂದ್ಯದಲ್ಲಿ ಮೊದಲು ಸೋತು ಮನೆಗೆ ಹೋಗುತ್ತಿದ್ದವನು ಇವನೇ. ಕಣ್ಣು ಚೆಂಡಿನ ಮೇಲಿದ್ದರೂ ಮನಸ್ಸು ಮಿರ್ಚಿ ಭಜಿಯ ಬಾಣಲೆಗೋ ಫೋನಿಗೋ ಹಾರುತ್ತಿತ್ತು.

"ಹಂಗಾರ ಹಿಂದ ಹೆಂಗ ಸೋತಿದ್ದಿ ನೆನಪು ಮಾಡಿಕೋ. ಅದನ್ನ ಮಾಡು," ಎಂದರು ಖಾಜಾಸಾಬ್.

ಪಕ್ಕದಲ್ಲಿದ್ದ, ಇನ್ನೊಂದು ಸೆಮಿಫೈನಲ್ ಆಡಲಿದ್ದ ಗುಮಾಸ್ತ ಮೌಲಾಹುಸೇನ ನಕ್ಕ. ಕಚೇರಿಯ ಹಿಂದಿನ ಓಣಿಯಲ್ಲೇ ಅವನ ಮನೆ, ಮಧ್ಯಾಹ್ನ ಬಿಸಿ ರೊಟ್ಟಿ ತಿಂದು ಬರುವ ಸುಖಜೀವಿ. "ಆಟ ಅಂದ್ರ ಆಟ. ನಾನಂತೂ ಸಾಹೇಬ್ರು ಅಂತ ಬಿಡಂಗಿಲ್ಲ," ಎಂದ.

"ಹುಚ್ಚದಾನ ಇವ," ಎಂದರು ಖಾಜಾಸಾಬ್.

ಆಟ ಶುರುವಾಯಿತು. ಗುರುಬಸವ ಬೇಕೆಂದೇ ಕಿಟಕಿಯಾಚೆಯ ಭಜಿ ಬಂಡಿಯತ್ತ ಕತ್ತು ತಿರುಗಿಸಿದ. ಕೈ ತಾನಾಗಿ ಬೀಸಿತು. ಚೆಂಡು ಸಾಹೇಬರ ಕಡೆಯ ಮೇಜಿನ ಅಂಚಿಗೆ ತಾಗಿ ಜಾರಿಹೋಯಿತು. ಪಾಯಿಂಟು ಇವನಿಗೆ! "ಶಾಭಾಸ್!" ಎಂದು ಟೈಪಿಸ್ಟ್ ಅಶ್ವಿನಿ ಚಪ್ಪಾಳೆ ತಟ್ಟಿದಳು. ಫೋನು ಬಂತು, ಎತ್ತಿದ. ಚೆಂಡು ಬ್ಯಾಟಿನ ಹಿಡಿಕೆಗೆ ಬಡಿದು, ನೆಟ್ಟಿನ ಮೇಲೆ ಹತ್ತಿ, ಸಾಹೇಬರ ಕಡೆಗೆ ಪೊತಕ್ಕನೆ ಬಿತ್ತು. ಜನ್ಮದಲ್ಲಿ ಇವನ ಮನೆಯ ದಾರಿ ತಿಳಿಯದಿದ್ದ ಅದೃಷ್ಟ ಇವತ್ತು ಕರೆಯದ ಬೀಗರಂತೆ ಬಂದು ಕೂತಿತ್ತು. ಸಾಹೇಬರ ಮುಖ ಕೆಂಪಾಗತೊಡಗಿತು.

ನೀರು ಕೊಡುವ ನೆಪದಲ್ಲಿ ಖಾಜಾಸಾಬ್ ಓಡಿಬಂದರು. "ಏನ್ ಮಾಡಾಕತ್ತಿಯಲೇ?"

"ಚೆಂಡು ನೋಡಾಕತ್ತಿಲ್ಲ, ಆದ್ರೂ ಗೆಲ್ಲಾಕತ್ತೀನ್ರಿ!" ಗುರುಬಸವನಿಗೆ ಅಳುವೇ ಬಂತು.

"ಹಂಗಾರ ಚೆಂಡು ನೋಡಿ ಸೋಲು!"

ಗುರುಬಸವ ಫೋನು ಆರಿಸಿದ. ಕಿಟಕಿ ಮರೆತ. ಆಯುಷ್ಯದಲ್ಲಿ ಮೊದಲ ಬಾರಿಗೆ ಅವನಿಗೆ ಚೆಂಡಲ್ಲದೆ ಬೇರೇನೂ ಕಾಣಲಿಲ್ಲ. ಸಾಹೇಬರ ಕೈ ಎಲ್ಲಿಗೆ ಎಟುಕುತ್ತದೆಂದು ನೋಡಿ ನೋಡಿ, ಕೂಸಿಗೆ ತುತ್ತಿಡುವಂತೆ ಅಲ್ಲಿಗೇ ಚೆಂಡು ಇಟ್ಟ. ಸಾಹೇಬರು ಬಾರಿಸಿದ್ದೇ ಬಾರಿಸಿದ್ದು. ಕೊನೆಯ ಚೆಂಡನ್ನು ಕೂದಲೆಳೆಯಷ್ಟೇ ಮೇಜು ದಾಟಿಸಿ ಸೋತ. ಇಷ್ಟು ಚಂದ ಅವನು ಎಂದೂ ಆಡಿರಲಿಲ್ಲ.

ಸಾಹೇಬರು ಅವನನ್ನು ತಬ್ಬಿಕೊಂಡರು. ಗುರುಬಸವ ಹೊರಗೆ ಓಡಿ ಹೆಂಡತಿ ವಿಜಯಶ್ರೀಗೆ ಫೋನು ಮಾಡಿದ. "ಸೋತೆ ನೋಡು!"

"ಸೋತು ಯಾಕ ಕುಣ್ಯಾಕತ್ತೀರಿ?" ಎಂದಳು ಆಕೆ.

ಇನ್ನೊಂದು ಸೆಮಿಫೈನಲ್ ಗೆದ್ದು ಬಂದ ಮೌಲಾಹುಸೇನ ಫೈನಲಿನಲ್ಲಿ ಸಾಹೇಬರಿಗೆ ಉಸಿರಾಡಲು ಬಿಡಲಿಲ್ಲ. ಕೊನೆಯ ಹೊಡೆತಕ್ಕೆ ಸಾಹೇಬರು ಮೇಜಿನ ಮೇಲೇ ಬೋರಲು ಬಿದ್ದರು, ಸಭೆಯೆಲ್ಲ ಗೊಳ್ಳೆಂದಿತು.

ಸಂಜೆ ಸಾಹೇಬರು ಗುರುಬಸವನನ್ನು ಕೋಣೆಗೆ ಕರೆದರು. "ನಿಮ್ಮಂಥಾ ಆಟಗಾರ ನನ್ನ ಕಣ್ಮುಂದ ಇರಬೇಕ್ರಿ. ಸೋಮವಾರದಿಂದ ಆಫೀಸು ಮುಗಿದ ಮ್ಯಾಲ ದಿನಾ ನಾವಿಬ್ರೂ ಆಡೋಣು."

"ಸರ, ನನ್ನ ಮಸ್ಕಿ ಅರ್ಜಿ..."

"ಆ ಜಾಗ ತುಂಬಿತ್ರಿ. ಆ ಮೌಲಾಹುಸೇನನ ಮಾರಿ ನನಗ ಕಾಣಬಾರದು. ಅವನ್ನ ಮಸ್ಕಿಗೆ ಒಗದೀನಿ. ದಿನಾ ಬಸ್ಸಿನ್ಯಾಗ ನಿಂತು ಅಡ್ಡಾಡಲಿ, ಗೊತ್ತಾಗತೈತಿ!"

ಗುರುಬಸವ ಹೊರಗೆ ಬಂದ. ಮೆಟ್ಟಿಲ ಮೇಲೆ ಮೌಲಾಹುಸೇನ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ನೀನರ ಪುಣ್ಯವಂತ ನೋಡಪಾ," ಎಂದ ಅವನು. "ಸೋತು ಇಲ್ಲೇ ಉಳಕೊಂಡಿ."