ನನ್ನ ಜಟೆಗೆ ಕೈಮುಗಿದವರು

ಕೆಲವರ ಮನೆಗೆ ಕರೆಯದೆ ನೆಂಟರು ಬರುತ್ತಾರೆ, ನನ್ನ ತಲೆಗೆ ಕರೆಯದೆ ಪ್ರಸಂಗಗಳು ಬರುತ್ತವೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ಚಾಪೆ ಹಾಸಿಕೊಂಡಿರುತ್ತದೆ. ಎಲ್ಲದಕ್ಕೂ ಕಾರಣ ನನ್ನ ಕೂದಲು. ಕೆಲವು ವರ್ಷಗಳ ಹಿಂದೆ ಗೆಳತಿಯರ ಜೊತೆ ಹಂಪಿಗೆ ಹೋದವಳು ಹೊಳೆ ದಾಟಿ ಆನೆಗೊಂದಿ ಕಡೆ ಹೋದೆ. ಅಲ್ಲಿ ವಿದೇಶಿಯರ ಕೂದಲು ಹೊಸೆದು ಕೊಡುವವನೊಬ್ಬನ ಮುಂದೆ ಇಡೀ ದಿನ ಕೂತು, ನನ್ನ ಉದ್ದ ಕೂದಲನ್ನು ಸಣ್ಣ ಸಣ್ಣ ಹಗ್ಗದಂತೆ ಹೊಸೆಸಿಕೊಂಡು ಬಂದೆ. ಅವನು ಅದಕ್ಕೆ ಲಾಕ್ಸ್ ಅಂದ. ನಮ್ಮೂರು ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅದು ಜಟೆ ಆಯಿತು.

ಅವ್ವನ ವಿಷಯ ಮೊದಲೇ ಹೇಳಿಬಿಡಬೇಕು. ಅವ್ವನ ಅವ್ವನಿಗೆ, ಅಂದರೆ ನನ್ನ ಅಜ್ಜಿಗೆ, ಹರೆಯದಲ್ಲಿ ಕೂದಲು ತಾನಾಗೇ ಗಂಟುಗಟ್ಟಿತಂತೆ. ಊರವರು ದೇವಿ ಬಂದಳು ಅಂದರು. ಅಲ್ಲಿಗೆ ಅಜ್ಜಿಯ ಮದುವೆ ಮಾತು ಮುಗಿಯಿತು, ಮುತ್ತು ಕಟ್ಟಿ ಜೋಗತಿ ಮಾಡಿದರು, ದೇವಿಯ ಹೆಸರಿನಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಬೇಡುವುದು ಶುರುವಾಯಿತು. ಆ ಬುಟ್ಟಿಯ ಹಿಂದೆ ನಡೆದು ಬೆಳೆದವಳು ನನ್ನ ಅವ್ವ. ಹಟ ಹಿಡಿದು ಓದಿ ಅಂಗನವಾಡಿ ಟೀಚರಾದಳು, ಮದುವೆಯಾದ ಮೇಲೆ ಅಪ್ಪನ ಜೊತೆ ಬುದ್ಧನ ಕಡೆ ಬಂದಳು, ದೇವಿಯನ್ನೂ ಬುಟ್ಟಿಯನ್ನೂ ಹೊಸ್ತಿಲಾಚೆ ಇಟ್ಟಳು. ಅಂಥವಳ ಎದುರು ಮಗಳೇ ಜಟೆ ಹೊತ್ತು ನಿಂತರೆ ಹೇಗಾಗಬೇಡ. ಅವ್ವ ಬೈಯಲಿಲ್ಲ. ಆ ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚಲು ಬರಲಿಲ್ಲ, ಅಷ್ಟೇ. ನಾನು ಹುಟ್ಟಿದಾಗಿನಿಂದ ತಪ್ಪದ ಎಣ್ಣೆ ಅದು. ಕೇಳಿದರೆ, "ಅದನ್ನ ತೆಗಿಸೋತನಕ ನಿನ್ನ ತಲಿ ಮುಟ್ಟಂಗಿಲ್ಲ" ಅಂದಳು.

ನನಗೆ ಕೂದಲೂ ಬೇಕಿತ್ತು, ಅವ್ವನ ಕೈಯೂ ಬೇಕಿತ್ತು. ಎರಡೂ ಒಟ್ಟಿಗೆ ಸಿಗುವ ದಾರಿ ಕಾಣಲಿಲ್ಲ. ಆ ನಡುವೆ ನಡೆದದ್ದೇ ಇವೆಲ್ಲ.

ಸೀಟು

ನನ್ನ ಕೆಲಸ ಹಗರಿಬೊಮ್ಮನಹಳ್ಳಿಯ ಒಂದು ಲ್ಯಾಬಿನಲ್ಲಿ, ರಕ್ತ ತೆಗೆಯುವುದು. ದಿನಾ ಬೆಳಿಗ್ಗೆ ಕೊಟ್ಟೂರಿನಿಂದ ಬಸ್ಸು. ಹೆಣ್ಣುಮಕ್ಕಳಿಗೆ ಈಗ ಟಿಕೆಟ್ ಪುಕ್ಕಟೆ, ನನಗೆ ಸೀಟೂ ಪುಕ್ಕಟೆ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ನನ್ನ ತಲೆ ಕಂಡ ಕೂಡಲೇ ಯಾರಾದರೂ ಎದ್ದು ಕೈಮುಗಿಯುತ್ತಾರೆ. ಇದು ದೇವರದಲ್ಲ, ಹೊಸೆಸಿಕೊಂಡದ್ದು, ಪಾರ್ಲರಿನಲ್ಲಿ ತಿದ್ದಿಸುತ್ತೇನೆ ಅಂತ ಒಬ್ಬ ಅಜ್ಜಿಗೆ ಬಿಡಿಸಿ ಹೇಳಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಇರ್ಲಿ ಬಿಡವ್ವ, ಪಾರ್ಲರಿನ್ಯಾಗೂ ದೇವ್ರು ಇರ್ತಾನ" ಅಂದು ನನ್ನನ್ನು ಕೂರಿಸಿಯೇ ಬಿಟ್ಟಳು.

ಒಂದು ದಿನ ಉಜ್ಜಿನಿಯ ಹೆಂಗಸೊಬ್ಬಳು ಅಳುವ ಮೊಮ್ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ಕೂತಳು. ಕೂಸು ಬಸ್ಸಿನ ಹಾರ್ನಿಗಿಂತ ಜೋರಾಗಿ ಅಳುತ್ತಿತ್ತು. ಆಕೆ ಕೇಳದೆಯೇ ಅದನ್ನು ನನ್ನ ತೊಡೆಗೆ ದಾಟಿಸಿದಳು. ಕೂಸು ನನ್ನ ಒಂದು ಜಡೆ ಹಿಡಿದು ಬಾಯಿಗೆ ಇಟ್ಟುಕೊಂಡು ಕಡಿಯತೊಡಗಿತು, ಅಳು ನಿಂತೇ ಹೋಯಿತು. ಹಲ್ಲು ಬರುವ ಕೂಸಿಗೆ ಕಡಿಯಲು ಏನೋ ಬೇಕಿತ್ತು, ಸಿಕ್ಕಿತು. ಬಸ್ಸಿನವರೆಲ್ಲ ಮಾತ್ರ ಪವಾಡ ನೋಡಿದವರ ಹಾಗೆ ಕೈಮುಗಿದರು.

ತೊಂದರೆ ಅಂದರೆ ಕೂಸು ಬಿಡಲಿಲ್ಲ. ಎಳೆದರೆ ಅಳು, ಬಿಟ್ಟರೆ ನಗು. ನನ್ನ ಸ್ಟಾಪು ಬಂತು, ಹೋಯಿತು. ಇಳಿಯುತ್ತೇನೆ ಅಂದರೆ ಹಿಂದಿನ ಸೀಟಿನವರು, ಪಾಪ ಕೂಸು ನಿದ್ದಿ ಮಾಡಲಿ ಕೂತ್ಕೋರಿ ಅಂದರು. ಮುಂದಿನ ಹಳ್ಳಿಯಲ್ಲಿ ಇಳಿದು ಆಟೋ ಹಿಡಿದು ವಾಪಸ್ ಬಂದಾಗ ಲ್ಯಾಬಿನ ಮುಂದೆ ಜನ ಖಾಲಿ ಹೊಟ್ಟೆಯಲ್ಲಿ ಸಾಲು ನಿಂತಿದ್ದರು. ಯಾಕೆ ತಡ ಅಂತ ಸಾಹೇಬರು ಕೇಳಿದರು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನೊಮ್ಮೆ ತಡ ಆದ್ರ ಬಸ್ಸು ಕೆಟ್ಟಿತ್ತು ಅಂತ ಹೇಳಮ್ಮ, ಅದು ನಂಬಂಗ ಇರ್ತೈತಿ" ಅಂದರು.

ಮೆಂತ್ಯದ ಬೆಳೆ

ಈ ಥರದ ಕೂದಲಿಗೆ ಅಂಗಡಿಯ ಶಾಂಪೂ ಒಗ್ಗುವುದಿಲ್ಲ, ಒಳಗೇ ಉಳಿದು ಮೈದಾಹಿಟ್ಟಿನಂತೆ ಕೂತುಬಿಡುತ್ತದೆ. ಹಾಗಾಗಿ ಎಲ್ಲ ಮನೆಯಲ್ಲೇ. ತೊಳೆಯಲು ಅಂಟುವಾಳದ ನೊರೆ, ಹೊಳಪಿಗೆ ದಾಸವಾಳದ ಎಲೆ, ಹೊಸೆಯಲು ಅಗಸೆ ಬೀಜ ಕುದಿಸಿ ಸೋಸಿದ ಲೋಳೆ. ಮನೆಯ ಒಲೆಯ ಮೇಲೆ ಸಾರಿನ ಪಕ್ಕದಲ್ಲೇ ನನ್ನ ತಲೆಯ ಅಡುಗೆಯೂ ಕುದಿಯುತ್ತದೆ. ಒಮ್ಮೆ ಅಪ್ಪ ಅಗಸೆ ಲೋಳೆಯನ್ನು ಗಂಜಿ ಅಂತ ಉಪ್ಪು ಹಾಕಿಕೊಂಡು ಕುಡಿದು, ಇವತ್ತಿನದು ಚಲೋ ಆಗಿದೆ ಅಂದಿದ್ದೂ ಉಂಟು.

ಒಂದು ಸಲ ನೆನೆಸಿದ ಮೆಂತ್ಯ ರುಬ್ಬುವಾಗ ನಡುವೆಯೇ ಕರೆಂಟ್ ಹೋಯಿತು. ಅರ್ಧ ರುಬ್ಬಿದ್ದನ್ನೇ ಹಚ್ಚಿಕೊಂಡು ತೊಳೆದೆ. ಇಂಥ ಕೂದಲು ಹೊರಗೆ ಒಣಗಿದರೂ ಒಳಗೆ ಬೇಗ ಆರುವುದಿಲ್ಲ. ಎರಡು ದಿನ ಬಿಟ್ಟು ಲ್ಯಾಬಿನಲ್ಲಿ ಚಿಗಟೇರಿಯ ರೈತರೊಬ್ಬರ ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದೆ. ಸೂಜಿ ಅಂದರೆ ಹೆದರುವ ಮನುಷ್ಯ ಅಂತ ಜೊತೆಗೆ ಬಂದ ಹೆಂಡತಿ ಮೊದಲೇ ಹೇಳಿದ್ದಳು. ಆದರೆ ಅವರು ಸೂಜಿಯ ಕಡೆ ನೋಡುತ್ತಲೇ ಇಲ್ಲ, ಬಗ್ಗಿದ ನನ್ನ ತಲೆಯನ್ನೇ ನೋಡುತ್ತಿದ್ದಾರೆ. ಕೈಮುಗಿಯುತ್ತಾರೇನೋ ಅಂದುಕೊಂಡೆ. ಅವರು ಮೆಲ್ಲಗೆ, "ಮೇಡಂ, ಬೀಜ ಎಲ್ಲಿ ತಂದ್ರಿ? ನಾನು ಹಾಕಿದ ಮೆಂತೆ ಇನ್ನಾ ಮೊಳಕಿ ಒಡದಿಲ್ಲ" ಅಂದರು.

ಮನೆಗೆ ಬಂದು ಅವ್ವನಿಗೆ ತಲೆ ತೋರಿಸಿದೆ. ಒಳಗೊಳಗೆ ಆಸೆ, ಆರಿಸಿ ತೆಗೆಯುವ ನೆಪಕ್ಕಾದರೂ ಮುಟ್ಟಿಯಾಳು ಅಂತ. ಅವ್ವ ಚಪಾತಿ ಲಟ್ಟಿಸುತ್ತಿದ್ದವಳು ಎದ್ದು ಬಂದಳು, ಒಂದು ತೋಳಿನಷ್ಟು ದೂರ ನಿಂತಳು. ಅಲ್ಲೊಂದು, ಎಡಕ್ಕೆ ಇನ್ನೊಂದು, ಅದರ ಕೆಳಗೆ ಜೋಡಿ ಮೊಳಕೆ ಅಂತ ಲಟ್ಟಣಿಗೆಯ ತುದಿಯಿಂದ ಜಡೆಗಳನ್ನು ಸರಿಸಿ ಸರಿಸಿ ತೋರಿಸಿದಳು. ಕೈಯಿಂದ ಮುಟ್ಟುವುದಿಲ್ಲ ಅಂದಿದ್ದಳಲ್ಲ, ಲಟ್ಟಣಿಗೆಯ ಮಾತು ಬಂದಿರಲಿಲ್ಲ.

ತೋರಣ

ಬುಡದಲ್ಲಿ ಹೊಸ ಕೂದಲು ಬಂದ ಹಾಗೆಲ್ಲ ಅದನ್ನು ಮತ್ತೆ ಹೊಸೆಯಬೇಕು, ಒಬ್ಬಳಿಗೇ ಆಗುವುದಿಲ್ಲ. ಮೊದಲು ಹೋದ ಪಾರ್ಲರಿನವಳು ನನ್ನನ್ನು ಕಂಡು ಚಪ್ಪಲಿ ಬಿಟ್ಟು ನಿಂತಳು, ಕುರ್ಚಿಯ ಹತ್ತಿರ ಮಾತ್ರ ಬರಲಿಲ್ಲ. ಎರಡನೆಯವಳು ನಿಮ್ಮ ತಲೆ ಮುಟ್ಟಿ ನನ್ನ ಮನೆಗೆ ಏನಾದರೂ ಆದರೆ ಅಂದಳು. ಕೊನೆಗೆ ಸಿಕ್ಕಿದ್ದು ಕೊಟ್ಟೂರಿನ ಒಂದು ಓಣಿಯ ಅಕ್ಕ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಿ ತುಂಬ ಮಾತು. ಅಕ್ಕ ನನ್ನ ಒಂದು ಜಡೆ ಹಿಡಿದು ತಿರುಗಿಸಿ ನೋಡಿ, ಇದು ಕ್ರೋಶಾ ಕೆಲಸ, ಬಾ ಕುಂದ್ರು ಅಂದಳು. ತನ್ನ ಮದುವೆಗೆ ಬಾಗಿಲ ತೋರಣ ಹೆಣೆದಿದ್ದ ಸೂಜಿಯನ್ನು ಪೆಟ್ಟಿಗೆಯಿಂದ ತೆಗೆದು ತಂದಳು.

ಅಕ್ಕನ ಕೈ ಹಗುರ, ನೋವೇ ಆಗುವುದಿಲ್ಲ. ಮಾತಿನ ತೂಕಕ್ಕೆ ನನಗೆ ನಿದ್ದೆ ಬರುತ್ತದೆ. ಮೊದಲ ದಿನವೂ ಹಾಗೇ ಆಯಿತು. ಅವಳ ನಾದಿನಿಯ ಕಥೆ ಅರ್ಧಕ್ಕೆ ಬಂದಾಗ ಕಣ್ಣು ಮುಚ್ಚಿದವಳು ಎಚ್ಚರಾಗಿ ಕನ್ನಡಿ ನೋಡಿದರೆ, ಬುಡಗಳೇನೋ ಬಿಗಿಯಾಗಿ ಚೆಂದ ಕೂತಿದ್ದವು. ತುದಿಗಳಲ್ಲಿ ಮಾತ್ರ ಒಂದೊಂದಕ್ಕೂ ಒಂದೊಂದು ಗೊಂಡೆ. ಕೆಂಪು, ಹಸಿರು, ಹಳದಿ ಉಣ್ಣೆಯ ದುಂಡು ಗೊಂಡೆ. ಅಕ್ಕನೂ ಆಗಲೇ ನೋಡಿದ್ದು. ನಾಲಿಗೆ ಕಚ್ಚಿಕೊಂಡು, "ಮಾತಿನ ಭರದಾಗ ಕೈ ತಾನೇ ಕಟ್ಟೈತಿ ನೋಡು ತಂಗಿ" ಅಂದಳು.

ಬಿಚ್ಚಲು ಕೂತರೆ ಕತ್ತಲಾಗುತ್ತಿತ್ತು, ಹಾಗೇ ಹೊರಟೆ. ಓಣಿಯಲ್ಲಿ ಅಂದು ಯಾರೂ ಕೈಮುಗಿಯಲಿಲ್ಲ. ಗೃಹಪ್ರವೇಶಕ್ಕೆ ಸಜ್ಜಾಗುತ್ತಿದ್ದ ಮನೆಯವರೊಬ್ಬರು ಮಾತ್ರ ತಡೆದು, ಇದು ಎಷ್ಟು ಅಡಿ ಬಾಗಿಲಿಗೆ ಸಾಕಾಗುತ್ತದೆ ಅಂತ ವಿಚಾರಿಸಿದರು.

ಮಾವನ ಭಾಷಣ

ಅವ್ವ ಸುಮ್ಮನೆ ಕೂರುವವಳಲ್ಲ. ಹಡಗಲಿಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿರುವ ತನ್ನ ಅಣ್ಣನಿಗೆ ಫೋನು ಮಾಡಿದಳು. ಬುದ್ಧ ಪೂರ್ಣಿಮೆಯ ದಿನ ನಮ್ಮ ಓಣಿಯ ವಿಹಾರದಲ್ಲಿ ಮಾವನ ಭಾಷಣ ಇಟ್ಟರು. ವಿಷಯ ಮೂಢನಂಬಿಕೆ. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು.

ಮಾವ ಒಳ್ಳೆಯ ಮಾತುಗಾರ. ತನ್ನ ತಾಯಿ ಪಟ್ಟ ಪಾಡನ್ನು ಅವರು ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು. ಜಟೆ ಅನ್ನುವುದು ನಮ್ಮ ಹೆಣ್ಣುಮಕ್ಕಳ ತಲೆಗೆ ಕಟ್ಟಿದ ಸಂಕೋಲೆ ಅಂದಾಗ ನಾನೇ ಮೊದಲು ಚಪ್ಪಾಳೆ ಹೊಡೆದೆ. ಮಾವನಿಗೆ ಗಲಿಬಿಲಿ. ಹಾಗಾದರೆ ನೀನು ಯಾವ ದೇವಿಗೆ ಬಿಟ್ಟಿದ್ದೀಯ ಅಂತ ವೇದಿಕೆಯಿಂದಲೇ ಕೇಳಿದರು. ಯಾವ ದೇವಿಗೂ ಇಲ್ಲ ಅಂದೆ. ಹರಕೆಯೇ? ಅದೂ ಅಲ್ಲ. ಮತ್ತೆ ಯಾತಕ್ಕೆ? ಚೆಂದ ಕಾಣುತ್ತದೆ ಅಂತ, ಅಂದೆ.

ಮಾವನ ಭಾಷಣದಲ್ಲಿ ದೇವಿಗೆ ಉತ್ತರವಿತ್ತು, ಹರಕೆಗೆ ಉತ್ತರವಿತ್ತು, ಚೆಂದಕ್ಕೆ ಇರಲಿಲ್ಲ. ಅವರು ನೀರು ಕುಡಿದರು. ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ, "ಚಂದಕ್ಕ ಬಿಟ್ಟಿದ್ರ ಇರ್ಲಿ ಬಿಡಪ್ಪ ಮೇಷ್ಟ್ರೇ. ನೀನು ತಲಿಗೆ ಬಣ್ಣ ಹಚ್ಚೋದು ಯಾವ ದೇವ್ರಿಗೆ?" ಅಂದಳು.

ಕಾಯಿ

ಇದು ಈ ವರ್ಷದ್ದು. ಕಾನಹೊಸಹಳ್ಳಿ ಹತ್ತಿರ ಗೆಳತಿಯ ಸ್ಕೂಟರಿನಿಂದ ಬಿದ್ದು ನನ್ನ ಬಲಗೈಗೆ ಪ್ಲಾಸ್ಟರ್ ಬಂತು. ಪಾರ್ಲರಿನ ಅಕ್ಕ ಮಗಳ ಬಾಣಂತನಕ್ಕೆಂದು ಹರಪನಹಳ್ಳಿಗೆ ಹೋಗಿ ಕೂತಿದ್ದಳು. ಒಂದು ಕೈಯಲ್ಲಿ ಈ ಕೂದಲು ತೊಳೆಯಲಾಗುವುದಿಲ್ಲ. ಬೇಸಿಗೆ ಬೇರೆ. ಬೆವರು, ತುರಿಕೆ, ದಿಂಬಿಗೆ ತಲೆ ಇಟ್ಟರೆ ನನ್ನ ವಾಸನೆ ನನಗೇ. ಅವ್ವ ನನಗೆ ಅನ್ನ ಕಲಸಿ ತಿನ್ನಿಸಿದಳು, ಮೈ ಒರೆಸಿದಳು, ಬಟ್ಟೆ ತೊಡಿಸಿದಳು. ಕೊರಳಿನಿಂದ ಮೇಲಕ್ಕೆ ಮಾತ್ರ ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಸೋತೆ. ಕತ್ತರಿ ತಾ ಅವ್ವ, ತೆಗೆದುಬಿಡು ಅಂದೆ. ಹೇಳುವಾಗ ಅಳು ಬಂತು, ತಡೆಯಲಿಲ್ಲ. ಅವ್ವ ಕಾದಿದ್ದವಳ ಹಾಗೆ ಕತ್ತರಿ ತಂದಳು. ಹಿತ್ತಲಲ್ಲಿ ಕಲ್ಲಿನ ಮೇಲೆ ಕೂರಿಸಿದಳು.

ನಮ್ಮ ಹಿತ್ತಲ ಗೋಡೆಯ ಆಚೆ ಕಿರಾಣಿ ಅಂಗಡಿಯವರ ಮನೆ. ಆ ಮನೆಯ ಹಿರಿಯಮ್ಮ ನನ್ನ ಜಟೆಯ ಮೊದಲ ಭಕ್ತೆ, ದಿನಾ ಗೋಡೆಯಾಚೆಯಿಂದಲೇ ಕೈಮುಗಿಯುವವರು. ಅವರು ಕತ್ತರಿ ಕಂಡರು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಸೊಸೆಯನ್ನೂ ಪಕ್ಕದ ಮನೆಯವಳನ್ನೂ ಕರೆದುಕೊಂಡು, ಅರಿಸಿನ ಕುಂಕುಮದ ತಟ್ಟೆ, ಕಾಯಿ, ಊದಿನಕಡ್ಡಿ ಸಮೇತ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ತಟ್ಟೆಯನ್ನು ಬಾಗಿಲ ಬದಿಗಿಟ್ಟು ಮೂವರೂ ಕೈಮುಗಿದು, "ಬ್ಯಾಡ್ರಿ ಟೀಚರಮ್ಮ, ಕತ್ತರಿ ಹಚ್ಚಬ್ಯಾಡ್ರಿ" ಅಂದರು.

ಅವ್ವ ಅವರ ಕೈಗಳನ್ನು ನೋಡಿದಳು. ಆಮೇಲೆ ಕತ್ತರಿಯನ್ನು ಕಲ್ಲಿನ ಮೇಲೆ ಇಟ್ಟಳು.

"ನಮ್ಮವ್ವನ ಜಟಿಗೂ ಊರ ತುಂಬ ಕೈಮುಗಿಯೋರು ಇದ್ರು ಅಮ್ಮಾರ" ಅಂದಳು. "ತೊಳಿಯೋರು ಒಬ್ರೂ ಇರ್ಲಿಲ್ಲ. ಹೇನು ಬಿದ್ದು, ಹುಣ್ಣಾಗಿ, ಹಂಗೇ ಸತ್ಲು."

ಹಿರಿಯಮ್ಮನ ಕೈ ಮುಗಿದದ್ದು ಮುಗಿದ ಹಾಗೇ ಇತ್ತು, ಇಳಿಸಬೇಕೋ ಬೇಡವೋ ತಿಳಿಯದೆ. ಅವ್ವ ಒಳಗೆ ಹೋಗಿ ಅಂಟುವಾಳದ ನೀರಿನ ಕೊಡಪಾನ ತಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ತಲೆಯನ್ನು ತನ್ನ ತೊಡೆಯ ಕಡೆಗೆ ಬಗ್ಗಿಸಿ, ಎರಡೂ ಕೈಯಿಂದ ಹಿಡಿದಳು. ಆ ಕೈಯ ಬಿಸಿ ನೆತ್ತಿಗೆ ಸೋಕಿದಾಗ ನನಗೆ ಆದ ಸುಖವನ್ನು ಹೇಳಲು ಬರುವುದಿಲ್ಲ. ಅವತ್ತು ಆ ಕೈಗೂ, ಆ ಕೈಯ ಕತ್ತರಿಯನ್ನು ತಡೆದ, ಬಾಗಿಲಲ್ಲಿ ಮುಗಿದು ನಿಂತ ಕೈಗಳಿಗೂ ನಾನು ಋಣಿ.

ನಾಲ್ಕು ಜಡೆ ತಿಕ್ಕುವಷ್ಟರಲ್ಲಿ ಅವ್ವನಿಗೆ ಏದುಸಿರು ಬಂತು. ತಲೆ ಎತ್ತದೆಯೇ ಅಂಗನವಾಡಿಯ ದನಿ ತೆಗೆದಳು. ಕೈ ಮುಗಿದದ್ದು ಸಾಕು, ಬಿಡಿಸಿಕೊಂಡು ಬಂದು ತಿಕ್ಕಿರಿ ಅಂದಳು. ಸೊಸೆ ಬಂದು ಕೂತಳು, ಪಕ್ಕದ ಮನೆಯವಳು ನೀರು ಹೊಯ್ದಳು. ಹಿರಿಯಮ್ಮ ಮಾತ್ರ ತಟ್ಟೆಯನ್ನು ಮತ್ತೆ ಎತ್ತಿ ಹಿಡಿದು ನಿಂತೇ ಇದ್ದರು. ಮುಟ್ಟಲು ಭಯ, ಬಿಟ್ಟು ಹೋಗಲು ಮನಸ್ಸಿಲ್ಲ. ಕೈಯಲ್ಲಿ ಕಾಯಿ ಇದೆಯಲ್ಲ, ಇದನ್ನು ಎಲ್ಲಿ ಒಡೆಯಲಿ ಟೀಚರಮ್ಮ ಅಂತ ಸಣ್ಣ ದನಿಯಲ್ಲಿ ಕೇಳಿದರು.

"ಅಡಿಗಿಮನ್ಯಾಗ ಒಡದು ಸಣ್ಣಗ ತುರ್ಕೊಂಡ್ ಬರ್ರಿ" ಅಂದಳು ಅವ್ವ. "ಹಿಂಡಿ ಹಾಲು ತಗದು ತಲಿಗೆ ಹಚ್ಚೋಣು. ಜೋಪಾನ, ಕರಟ ಬೀಳಬಾರ್ದು."

ಹಿರಿಯಮ್ಮ ಒಂದು ಕ್ಷಣ ದೇವಿಯನ್ನು ನೆನೆದರು, ಇನ್ನೊಂದು ಕ್ಷಣ ಅವ್ವನ ಮುಖ ನೋಡಿದರು. ಅವ್ವನ ಮುಖವೇ ಹೆಚ್ಚು ಉಗ್ರವಾಗಿ ಕಂಡಿರಬೇಕು. ನಮ್ಮ ಮನೆಯ ಹೊಸ್ತಿಲು ಎಂದೂ ದಾಟದಿದ್ದವರು ಸೀದಾ ಅಡುಗೆಮನೆಗೆ ಹೋಗಿ ಈಳಿಗೆ ಹಾಕಿಕೊಂಡು ಕೂತರು.

ಪ್ಲಾಸ್ಟರ್ ತೆಗೆದು ತುಂಬ ದಿನ ಆಯಿತು, ಭಾನುವಾರದ ಎಣ್ಣೆ ನೀರು ಮತ್ತೆ ತಪ್ಪಿಲ್ಲ. ಹಿರಿಯಮ್ಮನೂ ತಪ್ಪುವುದಿಲ್ಲ. ಆದರೆ ಈಗ ಅವರು ಕಾಯಿ ತರುವುದಿಲ್ಲ, ಮನೆಯಿಂದಲೇ ತುರಿದುಕೊಂಡು ಬರುತ್ತಾರೆ.