ಬೈರಾಮ್ ಮನೆತನದ ಮೂರು ಸಾವು

ನನ್ನಿವಾಳದ ನಮ್ಮ ಕಂಬಳಿ ನೇಕಾರರ ಸಂಘದಲ್ಲಿ ಇಂಗ್ಲಿಷನ್ನು ಒಂದೇ ಸಲಕ್ಕೆ ಪಾಸು ಮಾಡಿದವನು ನಾನೊಬ್ಬನೇ. ಹಾಗಾಗಿ ಬೆಂಗಳೂರಿನ ವಸ್ತುಪ್ರದರ್ಶನದಲ್ಲಿ ನಮ್ಮ ಕಂಬಳಿ ಮೆಚ್ಚಿದ ಟರ್ಕಿಯ ವ್ಯಾಪಾರಿಯೊಬ್ಬರು ನೂರು ಕಂಬಳಿ ಕೇಳಿದಾಗ, ಸಂಘದ ವಿದೇಶಾಂಗ ವ್ಯವಹಾರ ಪೂರ್ತಿ ನನ್ನ ಹೆಗಲೇರಿತು. ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯ ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್ ಕಳಿಸಬೇಕಿತ್ತು.

ಕಂಬಳಿ ಸಿದ್ಧ ಎಂದು ತಿಳಿಸಿದೆ. ಉತ್ತರ ಬಂತು: ‘ಸೇಕರ್ ಬೈರಾಮ್. ಆಫೀಸು ಮೂರು ದಿನ ಬಂದ್.’

“ಪಾಪ, ಯಾರೋ ಶೇಖರ್ ಅನ್ನೋರು ತೀರ್ಕೊಂಡವ್ರೆ,” ಅಂದೆ ಹೆಂಡತಿ ರತ್ನಮ್ಮನಿಗೆ.

“ಟರ್ಕೀಲಿ ಶೇಖರ ಎಲ್ಲಿಂದ ಬಂದ?”

“ಒಳ್ಳೆ ಹೆಸರು ಎಲ್ಲಾ ಕಡೆ ಇರ್ತಾವೆ ಕಣೇ.”

ನಿಘಂಟು ಹುಡುಕಿ ಬರೆದೆ: ‘ಶ್ರೀಯುತ ಶೇಖರ್ ಬೈರಾಮರ ಅಗಲಿಕೆಯಿಂದ ನನ್ನಿವಾಳ ದುಃಖದಲ್ಲಿ ಮುಳುಗಿದೆ.’

ಅವರು ಉತ್ತರಿಸಿದರು: ‘ಧನ್ಯವಾದ. ಮಕ್ಕಳಿಗೆಲ್ಲ ಸಿಹಿ ಹಂಚಿದೆವು. ಕಂಬಳಿ ಯಾವಾಗ?’

ಸಾವಿಗೆ ಸಿಹಿಯೇ? ನನ್ನ ತಲೆ ಕೆಟ್ಟಿತು. ಸಂಘದ ಹಿರಿಯ ಈರಜ್ಜ ಸಮಾಧಾನ ಹೇಳಿದ: “ತುಂಬಿದ ವಯಸ್ಸಿರ್ಬೇಕು ಬಿಡಪ್ಪ. ಆದ್ರೆ ಸೂತಕದ ಮನೆಗೆ ಹೊಸ ಕಂಬಳಿ ಕಳಿಸ್ಬಾರ್ದು. ಎರಡು ತಿಂಗಳು ತಡಿ.”

ತಡೆದು ವಿಚಾರಿಸಿದರೆ, ‘ಕುರ್ಬಾನ್ ಬೈರಾಮ್. ನಾಲ್ಕು ದಿನ ಬಂದ್.’ ತಮ್ಮನೂ ಹೋದನೇ! ಮತ್ತೆ ಸಂತಾಪ ಕಳಿಸಿದೆ. ಕುರಿ ಕೊಯ್ದು ಬಡವರಿಗೆಲ್ಲ ಬಾಡು ಹಂಚಿದೆವು ಎಂದು ಉತ್ತರ ಬಂತು.

“ತಿಥಿಗೆ ನಾವೂ ಕೊಯ್ತೀವಲ್ಲ,” ಅಂದ ಈರಜ್ಜ. ಕಂಬಳಿ ಮತ್ತೆ ಅಟ್ಟಕ್ಕೇರಿತು.

ಆಗಸ್ಟ್ ಕೊನೆಗೆ ಜಾಫರ್ ಬೈರಾಮ್. ಈತನಿಗೆ ಬೀದಿ ತುಂಬ ಬಾವುಟ, ಸೈನ್ಯದ ಕವಾಯತು ಎಂದು ಬರೆದಿದ್ದರು. ಮಿಲ್ಟ್ರಿ ಮನುಷ್ಯ ಎಂದು ಖಾತ್ರಿಯಾಯಿತು.

“ಒಂದೇ ವರ್ಷಕ್ಕೆ ಮೂವರು,” ರತ್ನಮ್ಮ ಮರುಗಿದಳು. “ಆ ಮನೆ ನೀರು ಸರಿ ಇಲ್ವೇನೋ. ಒಂದ್ಸಲ ನೋಡಿಸ್ರಿ ಅಂತ ಬರೀರಿ.”

ಬರೆದೆ. ಆಮೇಲೆ ಉತ್ತರವೇ ಇಲ್ಲ.

ಗಾಬರಿಯಾಗಿ ಫ್ಯಾಕ್ಸುಗಳನ್ನೆಲ್ಲ ಚಳ್ಳಕೆರೆಯ ಉಣ್ಣೆ ವ್ಯಾಪಾರಿ ಬಾಬಾಸಾಬರ ಬಳಿ ಒಯ್ದೆ. “ಈ ಮನೆತನದಲ್ಲಿ ಯಾರಾದ್ರೂ ಉಳಿದವ್ರಾ, ಏನಾದ್ರೂ ಗೊತ್ತಾಗ್ತೈತಾ ಸಾಬ್ರೆ?”

ಅವರು ತಾರೀಖು ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಕೊನೆಗೆ ನನ್ನನ್ನು ನೋಡಿದರು.

“ಇದು ರಂಜಾನ್ ದಿನ ಕಣ್ರಿ, ಸೇಕರ್ ಅಂದ್ರೆ ನಮ್ಮ ಸಕ್ಕರೆ ಇರ್ಬೇಕು. ಇದು ಬಕ್ರೀದು. ಬೈರಾಮ್ ಅಂದ್ರೆ ಅವರ ಕಡೆ ಹಬ್ಬ ಇರ್ಬೇಕು.”

“ಜಾಫರ್?”

“ಜಫರ್ ಅಂದ್ರೆ ಗೆಲುವು. ಯುದ್ಧ ಗೆದ್ದ ದಿನ ಇರ್ಬೇಕು, ನಮ್ಮ ಆಗಸ್ಟ್ ಹದಿನೈದರ ಹಂಗೆ. ಅಲ್ರೀ, ಬಕ್ರೀದಿಗೆ ನಮ್ಮನೇಲೇ ಬಿರಿಯಾನಿ ಉಂಡ್ರಲ್ಲ?”

ಉಂಡಿದ್ದೆ. ಆ ಕೈಯಲ್ಲೇ ಬೂತಿಗೆ ಹೋಗಿ ಕುರ್ಬಾನ್ ಬೈರಾಮರಿಗೆ ಶ್ರದ್ಧಾಂಜಲಿ ಬರೆದಿದ್ದೆ.

ನಡೆದದ್ದನ್ನೆಲ್ಲ ಒಪ್ಪಿಕೊಂಡು ಫ್ಯಾಕ್ಸ್ ಮಾಡಿದೆ. ಈ ಸಲ ಬೇಗ ಉತ್ತರ ಬಂತು: ‘ನಿಮ್ಮಲ್ಲಿ ಹಬ್ಬದ ಶುಭಾಶಯ ಹೀಗೇ ಇರಬಹುದು ಎಂದುಕೊಂಡಿದ್ದೆವು. ಕಂಬಳಿ ಬೇರೆ ಕಡೆ ಕೊಂಡೆವು. ನೀರು ಪರೀಕ್ಷೆ ಮಾಡಿಸಿದೆವು, ಚೆನ್ನಾಗಿದೆ.’

ನೂರು ಕಂಬಳಿಯೂ ಸಂತೆಯಲ್ಲಿ ಸಿಕ್ಕ ಬೆಲೆಗೆ ಹೋದವು. ಅಲ್ಲಿಂದ ಪತ್ರವ್ಯವಹಾರವನ್ನು ರತ್ನಮ್ಮ ನೋಡಿಕೊಳ್ಳತೊಡಗಿದಳು. ನನಗೆ ಕಂಬಳಿ ಮಡಿಸುವ ಕೆಲಸ ಕೊಟ್ಟರು. ಅಂಚು ಸರಿಯಾಗಿ ಕೂಡುತ್ತಿಲ್ಲ ಎಂದು ಮೊದಲ ದಿನವೇ ಈರಜ್ಜ ಎಲ್ಲವನ್ನೂ ನನ್ನಿಂದ ಬಿಚ್ಚಿಸಿ ಮತ್ತೆ ಮಡಿಸಲು ಹೇಳಿದ.