ಬ್ರೇಕರ್ ಸುಮ್ಮನೆ ಬೀಳುವುದಿಲ್ಲ

ಕರೆಂಟಿನ ಕೆಲಸ ಮಾಡುವವರ ಹತ್ತಿರ ನಗುವ ಪ್ರಸಂಗಗಳಿಗೆ ಬರವಿಲ್ಲ. ಕರೆಂಟ್ ಹೋದ ಕೂಡಲೇ ಜನ ತಮ್ಮ ನಿಜವಾದ ಬುದ್ಧಿ ತೋರಿಸುತ್ತಾರೆ, ಬಂದ ಮೇಲೆ ಮತ್ತೆ ಸಭ್ಯರಾಗುತ್ತಾರೆ. ನಡುವಿನ ಆ ಹೊತ್ತಿನಲ್ಲಿ ಟಾರ್ಚ್ ಹಿಡಿದು ನಿಂತಿರುವವಳು ನಾನು.

ಪುಣೆಗೆ ಬಂದಾಗ ಕಟ್ಟಡಗಳಲ್ಲಿ ಇಟ್ಟಂಗಿ ಹೊರುತ್ತಿದ್ದೆ. ವೈರಿಂಗ್ ಮಾಡುವವರನ್ನು ನೋಡಿ ನೋಡಿ ವೈರಿಂಗ್ ಕಲಿತೆ, ಅಂಗಡಿಗಳ ಬೋರ್ಡು ಓದಿ ಓದಿ ಅಕ್ಷರ ಕಲಿತೆ. ಈಗ ಧನಕವಡಿಯಲ್ಲಿ ನನ್ನದೇ ಅಂಗಡಿ ಇದೆ. ಬ್ರೇಕರಿನ ಡಬ್ಬಿಯೊಳಗೆ ಸಣ್ಣಕ್ಷರದ ಚೀಟಿಯೊಂದು ಮಡಚಿಟ್ಟಿರುತ್ತದೆ. ಊರೆಲ್ಲ ಅದನ್ನು ಕಸಕ್ಕೆ ಹಾಕುತ್ತದೆ. ನಾನು ಮನೆಗೆ ಒಯ್ದು, ಚಹಾ ಇಟ್ಟುಕೊಂಡು ಓದುತ್ತೇನೆ. ಅದನ್ನು ಬರೆದವನಿಗೂ ಅಷ್ಟು ಶ್ರದ್ಧೆ ಇರಲಿಕ್ಕಿಲ್ಲ.

ಆ ಚೀಟಿಯ ಸಾರ ಇಷ್ಟೇ: ಬ್ರೇಕರ್ ಎನ್ನುವುದು ಕರೆಂಟಿನ ಕಾವಲುಗಾರ. ಒಳಗೆ ಒಂದು ತೆಳ್ಳಗಿನ ಲೋಹದ ಪಟ್ಟಿ ಇರುತ್ತದೆ. ಕರೆಂಟ್ ಹೆಚ್ಚಾದರೆ ಅದು ಕಾದು ಬಾಗುತ್ತದೆ, ಬ್ರೇಕರ್ ಬೀಳುತ್ತದೆ, ಮನೆ ಉಳಿಯುತ್ತದೆ. ಆದರೆ ಆ ಪಟ್ಟಿಗೆ ಕಾವು ಗೊತ್ತು, ಕಾವು ಎಲ್ಲಿಂದ ಬಂತು ಎನ್ನುವುದು ಗೊತ್ತಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಮ್ಮ ಅಂಗಡಿಯ ಹತ್ತಿರದ ಒಂದು ಹೌಸಿಂಗ್ ಸೊಸೈಟಿಯ ಕೆಲಸವೆಲ್ಲ ನನ್ನದು. ಅಲ್ಲಿಯ ಮೀಟರ್ ರೂಮಿನ ಕಬ್ಬಿಣದ ಬಾಗಿಲ ಮೇಲೆ ಪೇಂಟರ್ ಹಳದಿ ಬಣ್ಣದಲ್ಲಿ ನನ್ನ ಹೆಸರು ಬರೆದಿದ್ದಾನೆ. ಹೆಬ್ಬೆಟ್ಟು ಒತ್ತುತ್ತಿದ್ದವಳ ಹೆಸರು ಬಣ್ಣ ಕಂಡದ್ದು ಅದೇ ಮೊದಲು. ಆ ಕಡೆ ಕೆಲಸವಿಲ್ಲದಿದ್ದರೂ ಸುತ್ತು ಹಾಕಿಕೊಂಡು ಹೋಗಿ ಒಮ್ಮೆ ಓದಿ ಬರುತ್ತೇನೆ. ಈ ವರ್ಷ ಆ ಹೆಸರು ಅಳಿಸಿಹೋಗುವುದರಲ್ಲಿತ್ತು.

ಅಳಿಸಲು ಹೊರಟವರು ಸೊಸೈಟಿಯ ಸೆಕ್ರೆಟರಿ ಸಾಹೇಬರು. ನಿವೃತ್ತ ಅಧಿಕಾರಿ, ಮರಾಠಿಯವರು. ಭಾಷಣವೆಂದರೆ ಅವರಿಗೆ ಪ್ರಾಣ. ನಮ್ಮಿಬ್ಬರ ಜಗಳವೆಲ್ಲ ಮರಾಠಿಯಲ್ಲೇ ನಡೆದದ್ದು. ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ, ಜಗಳಕ್ಕೆ ಅದೇ ಚಂದ.

೧. ಹಪ್ಪಳ

ಮೀಟರ್ ರೂಮ್ ಎಂದರೆ ಕಟ್ಟಡದ ಪಶ್ಚಿಮ ಗೋಡೆಗೆ ಅಂಟಿದ, ತಗಡಿನ ಸೂರಿನ ಗೂಡು. ಬೇಸಿಗೆಗೆ ಮುಂಚೆ ಸಾಹೇಬರು ಬಾಗಿಲೊಂದನ್ನು ಬಿಟ್ಟು ಸೂರು, ಗೋಡೆ ಎಲ್ಲದಕ್ಕೂ ಕಪ್ಪು ಬಣ್ಣ ಹೊಡೆಸಿದರು. ಕಪ್ಪು ಗಂಭೀರವಾಗಿ ಕಾಣುತ್ತದಂತೆ. ಮೇ ತಿಂಗಳು ಬಂತು. ಬಿಸಿಲು ಇಳಿಯುವ ಹೊತ್ತಿಗೆ ದಿನಾ ಮೇನ್ ಬ್ರೇಕರ್ ಬೀಳಲು ಶುರುವಾಯಿತು.

"ಬಾಯಿ, ನಿಮ್ಮ ಬ್ರೇಕರ್‌ಗೆ ಶಕ್ತಿ ಇಲ್ಲ," ಎಂದರು ಸಾಹೇಬರು. ಮರಾಠಿಯಲ್ಲಿ ಬಾಯಿ ಎಂದರೆ ನಮ್ಮ ಅಕ್ಕ, ಅಮ್ಮ ಇದ್ದಂತೆ.

"ನನ್ನ ಬ್ರೇಕರ್ ಕಾರಣ ಇಲ್ಲದ ಬೀಳೂದಿಲ್ರಿ."

"ಹಂಗಾರ ಕಾರಣ ತೋರಸ್ರಿ. ಇಲ್ಲಾಂದ್ರ ಬಾಗಿಲ ಮ್ಯಾಲಿನ ಹೆಸರು ಅಳಸ್ತೀನಿ."

ಸೆಖೆ ಎಂದು ಬಾಯಲ್ಲಿ ಹೇಳಿದರೆ ಅವರು ಒಪ್ಪಲಿಲ್ಲ. "ಸೆಖಿ ಮನುಷ್ಯಾರಿಗೆ ಆಗ್ತದ, ಮಷೀನಿಗಲ್ಲ," ಎಂದರು. ಸರಿ, ಒಂದು ಮಧ್ಯಾಹ್ನ ಅವರನ್ನು ಕರೆದು, "ಒಳಗ ಬರ್ರಿ ಸಾಹೇಬ್ರ, ಶಾಂತವಾಗಿ ಮಾತಾಡೂಣು," ಎಂದು ರೂಮಿನೊಳಗೆ ನಿಲ್ಲಿಸಿ ಬಾಗಿಲು ಮುಂದೆ ಮಾಡಿದೆ. ನನಗೆ ಇಟ್ಟಂಗಿ ಹೊತ್ತ ಮೈ. ಸಾಹೇಬರಿಗೆ ಫ್ಯಾನಿನ ಕೆಳಗೆ ಕೂತ ಮೈ. ಎರಡು ಮಾತು ಆಡುವಷ್ಟರಲ್ಲಿ ಅಂಗಿ ಮೈಗೆ ಅಂಟಿ, ಬಾಗಿಲು ತಳ್ಳಿ ಹೊರಗೆ ಬಿದ್ದರು.

"ನೀವ ಇಷ್ಟು ಲಗೂನ ಟ್ರಿಪ್ ಆದ್ರಿ," ಎಂದೆ. "ಬ್ರೇಕರ್ ಪಾಪ ಮುಂಜಾನಿಂದ ಒಳಗ ನಿಂತದ."

ಸುಣ್ಣದಂಥ ಬಿಳಿ ಬಣ್ಣ ಹೊಡೆಸಿದೆವು, ಗಾಳಿಗೆ ಜಾಲರಿ ಇಟ್ಟೆವು, ಸೂರಿನ ಮೇಲೆ ನೆರಳಿನ ಬಟ್ಟೆ ಕಟ್ಟಿದೆವು. ಬ್ರೇಕರ್ ಬೀಳುವುದು ನಿಂತಿತು. ಇಡೀ ಸೊಸೈಟಿಯಲ್ಲಿ ತಕರಾರು ಮಾಡಿದವರು ಒಬ್ಬರೇ, ಮೊದಲ ಮಹಡಿಯ ವಿಜಯಪುರದ ಅಜ್ಜಿ, ನಮ್ಮೆಲ್ಲರ ಆಯಿ. ಅವರ ಅಡುಗೆಮನೆಯ ಕಿಟಕಿ ಸರಿಯಾಗಿ ಆ ಸೂರಿನ ಮೇಲೆಯೇ ತೆರೆಯುತ್ತದೆ.

"ಎಂಥಾ ಕೆಲಸಾ ಮಾಡಿದಿ ತಂಗಿ!" ಎಂದರು ಆಯಿ. "ಆ ಕರೀ ತಗಡಿನ ಮ್ಯಾಲ ಹಾಕಿದ್ರ ನನ್ನ ಹಪ್ಪಳ ಚಹಾ ಕುಡಿಯೂದರಾಗ ಒಣಗತಿದ್ದುವು. ಕರೆಂಟ್ ಹೋದ್ರ ಹೋಗಲಿ, ಬಣ್ಣಾ ತಿರುಗಿ ಹಚ್ಚು!"

೨. ಹಿಟ್ಟು

ಗಾಳಿಗೆಂದು ಇಟ್ಟ ಜಾಲರಿಯ ಎದುರಿಗೇ ಹಿಟ್ಟಿನ ಗಿರಣಿ. ಇದನ್ನು ನಾನು ನೋಡಿದ್ದೆ. ವಾರಕ್ಕೊಮ್ಮೆ ಬ್ರಷ್‌ನಿಂದ ಝಾಡಿಸಬೇಕೆಂದು ವಾಚ್‌ಮನ್ನನಿಗೆ ಹೇಳಿಯೂ ಇದ್ದೆ. ಸಾಹೇಬರು ಆತನನ್ನು ತಮ್ಮ ಸ್ಕೂಟರ್ ತೊಳೆಯಲು ಹಚ್ಚಿದ್ದರು. ಹಿಟ್ಟು ಸಂದಿಗೊಂದಿಗೆಲ್ಲ ತುಂಬಿ, ಬ್ರೇಕರಿಗೆ ಕಂಬಳಿ ಹೊದಿಸಿದಂತಾಗಿ, ಒಳಗಿನ ಕಾವು ಒಳಗೇ ಉಳಿದು, ಜೂನ್ ಮೊದಲಿಗೆ ಬ್ರೇಕರ್ ಮತ್ತೆ ಬಿತ್ತು.

"ಈ ಸಲ ಕಾರಣ ನಾನ ಹುಡುಕ್ತೀನಿ," ಎಂದು ಸಾಹೇಬರು ನನಗಿಂತ ಮುಂದೆ ನುಗ್ಗಿದರು. ಮೇನ್ ಆಫ್ ಮಾಡಿ ನಾನು ಹೂಂ ಎಂದೆ. ಪ್ಯಾನಲ್ಲಿನ ಬಾಗಿಲನ್ನು ಅವರು ಜೋರಾಗಿ ಎಳೆದು, "ಫೂ" ಎಂದು ಊದಿದರು.

ಹೊರಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಬಾಯಿ ತೆರೆದರೆ ಹೊಗೆಯಂತೆ ಹಿಟ್ಟು. ವಾಚ್‌ಮನ್ ಕೈ ಮುಗಿದುಬಿಟ್ಟ. ಕಿಟಕಿಯಿಂದ ಆಯಿ ಬಗ್ಗಿ ನೋಡಿ ಕೇಳಿದರು:

"ಸಾಹೇಬ್ರ, ಜ್ವಾಳದ್ದೋ ಗೋಧೀದ್ದೋ?"

೩. ರೇನ್‌ಕೋಟ್

ಮಳೆಗಾಲದಲ್ಲಿ ಇನ್ನೊಂದು ಬ್ರೇಕರ್ ಬೀಳಲು ಶುರುಮಾಡಿತು. ಇದು ಕರೆಂಟ್ ದಾರಿ ತಪ್ಪಿ ಹಸಿಯ ಮೂಲಕ ನೆಲಕ್ಕಿಳಿದರೆ ಬೀಳುವ ಜಾತಿಯದು, ಜೀವ ಉಳಿಸುವಂಥದು. ದಿನಾ ಬೆಳಿಗ್ಗೆ, ಜನ ಸ್ನಾನಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು. ಸೋಪು ಹಚ್ಚಿಕೊಂಡವರ ಶಾಪವೆಲ್ಲ ನನ್ನ ಹೆಸರಿಗೆ.

ಸೂರು ನೋಡಿದೆ, ಸೋರಿಲ್ಲ. ಗೋಡೆ ಮುಟ್ಟಿದೆ, ಹಸಿಯಿಲ್ಲ. ಒಂದು ದಿನ ಬ್ರೇಕರ್ ಬಿದ್ದ ಕೂಡಲೇ ಓಡಿದೆ. ಪ್ಯಾನಲ್ಲಿನ ಮೇಲೆ ಕೇಬಲ್ ಬಿಗಿದಿದ್ದ ಪಟ್ಟಿಗೆ ಯಾರೋ ಹಸಿರು ರೇನ್‌ಕೋಟ್ ನೇತುಹಾಕಿದ್ದರು. ಅದರ ತೋಳಿನಿಂದ ನೀರು ತೊಟತೊಟ ಕೇಬಲ್ಲಿನ ಗುಂಟ ಇಳಿಯುತ್ತಿತ್ತು. ಯಾರ ರೇನ್‌ಕೋಟ್ ಎಂದು ವಾಚ್‌ಮನ್ನನನ್ನು ಕೇಳಿದರೆ ಆತ ಆಕಾಶ ನೋಡಿದ. ನನಗೆ ಅಷ್ಟು ಸಾಕಾಯಿತು.

ಭಾನುವಾರ ಮೀಟಿಂಗ್. ರೇನ್‌ಕೋಟನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಯಾರೋ ಮೀಟರ್ ರೂಮಿನಲ್ಲಿ ಹಸಿ ಬಟ್ಟೆ ಒಣಹಾಕುತ್ತಾರೆ ಎಂದಷ್ಟೇ ಹೇಳಿದೆ. ಸಾಹೇಬರು ಎದ್ದು ನಿಂತರು. ಶಿಸ್ತಿನ ಬಗ್ಗೆ, ನಾಗರಿಕತೆಯ ಬಗ್ಗೆ, ದೇಶದ ಬಗ್ಗೆ ಮಾತಾಡಿದರು. "ಅಂಥಾ ಮನುಷ್ಯಾನ್ನ ಎಲ್ಲಾರ ಮುಂದ ನಿಲ್ಲಸಬೇಕು!" ಎಂದು ಮೇಜು ಗುದ್ದಿದರು.

ನಾನು ಚೀಲದಿಂದ ರೇನ್‌ಕೋಟ್ ತೆಗೆದು ಎತ್ತಿ ಹಿಡಿದೆ. ಸಾಹೇಬರ ಮುಖದ ಮೇಲೆ ಆ ಕೋಟಿನ ಬಣ್ಣವೇ ಬಂತು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಅವರ ಹೆಂಡತಿ, ನಾವೆಲ್ಲ ವೈನಿ ಎನ್ನುವವರು, ಕೂಗಿಬಿಟ್ಟರು:

"ಅಯ್ಯ, ಇದು ನಮ್ಮದ! ಮುಂಜಾನಿ ವಾಕಿಂಗಿನ ತೊಯ್ದ ಕೋಟ್ ಮನ್ಯಾಗ ತರಬ್ಯಾಡ್ರಿ ಅಂದಿದ್ದೆ ಖರೆ. ಅದಕ್ಕ ಕರೆಂಟಿನ ಮನೀಗೆ ಒಯ್ದ್ರಾ?"

೪. ದೀಪ

ನಗು ನಿಂತರೂ ಸಾಹೇಬರ ಸಿಟ್ಟು ನಿಲ್ಲಲಿಲ್ಲ. "ಕಾರಣ ಇರಲಿ, ಬಿಡಲಿ. ಇನ್ನೊಮ್ಮೆ ಬಿತ್ತಂದ್ರ ನಿಮ್ಮ ಹೆಸರು ಅಳಸೂದು, ಬ್ಯಾರೇ ಮನುಷ್ಯಾನ್ನ ಇಡೂದು," ಎಂದು ಬಾಗಿಲಲ್ಲೇ ನಿಂತು ಹೇಳಿದರು. ದಸರೆಯ ಸಂಜೆ ಸೊಸೈಟಿಯ ದೊಡ್ಡ ಮೀಟಿಂಗ್ ಇಟ್ಟುಕೊಂಡು, ಬೇರೆ ಮನುಷ್ಯನನ್ನು ಇಡುವ ಠರಾವನ್ನೂ ಮುಂಚೆಯೇ ಬರೆದಿಟ್ಟುಕೊಂಡರು.

ನಾನು ಸುಮ್ಮನೆ ಕೂರುವವಳಲ್ಲ. ಒಂದೊಂದು ಸ್ಕ್ರೂ ಬಿಗಿದೆ, ಹಿಟ್ಟು ಝಾಡಿಸಿದೆ, ಗಿರಣಿಯ ಕಡೆಯ ಜಾಲರಿ ಮುಚ್ಚಿ ಮಗ್ಗುಲಿಗೆ ಹೊಸದು ಇಟ್ಟೆ. ದಸರೆಯ ಬೆಳಿಗ್ಗೆ ನಾನೇ ಹೋಗಿ ಬಾಗಿಲಿಗೆ ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಹೊರಗಿನಿಂದಲೇ ಕೈ ಮುಗಿದೆ. ಹಬ್ಬದ ದಿನ ಬೀಗ ಹಾಕಬಾರದೆಂದು ಬಾಗಿಲು ಬರೇ ಮುಂದೆ ಮಾಡಿ ಬಂದೆ.

ಸಂಜೆ ಅಂಗಳದಲ್ಲಿ ಕುರ್ಚಿ, ಲೈಟು, ಮೈಕು. ಸಾಹೇಬರು ಗಂಟಲು ಸರಿಮಾಡಿಕೊಂಡು ಓದತೊಡಗಿದರು: "ಈ ಬಾಯಿಯವರ ಬ್ರೇಕರ್ ಕಾರಣವಿಲ್ಲದೆ..."

ಕತ್ತಲೆ. ಮೈಕು ಸತ್ತಿತು. ಲಿಫ್ಟಿನೊಳಗಿಂದ ಯಾರೋ "ಅರೇ!" ಎಂದರು.

ತಲೆ ತಗ್ಗಿಸುವ ಅಭ್ಯಾಸ ನನಗಿಲ್ಲವಲ್ಲ. "ನಡೀರಿ, ನೋಡೂಣು," ಎಂದು ಮುಂದೆ ಹೊರಟೆ. ಹಿಂದೆ ಇಡೀ ಸೊಸೈಟಿ ಮೊಬೈಲ್ ಟಾರ್ಚ್ ಹಿಡಿದು ಮೆರವಣಿಗೆಯಂತೆ ಬಂತು. ಲಿಫ್ಟಿನಲ್ಲಿ ಸಿಕ್ಕಿಕೊಂಡವನನ್ನು ವಾಚ್‌ಮನ್ ಬಿಡಿಸಿದ.

ಬಾಗಿಲು ತೆರೆದೆ. ಪ್ಯಾನಲ್ಲಿನ ಒಳಗೆ, ಮೇನ್ ಬ್ರೇಕರಿನ ಕೆಳಗೆ ಸರಿಯಾಗಿ, ಮೂರು ದೀಪ ಉರಿಯುತ್ತಿದ್ದವು. ಒಂದು ಹಿತ್ತಾಳೆಯದು, ಒಂದು ಬೆಳ್ಳಿಯದು, ಒಂದು ಮಣ್ಣಿನ ಹಣತೆ. ಮೇಲೆ ಯಾರೋ ಹಾಕಿದ ಹೂವಿನ ಮಾಲೆ ಬಾಡಿ ಕಪ್ಪಗಾಗಲು ಶುರುವಾಗಿತ್ತು. ಮೊದಲು ದೀಪ ಆರಿಸಿ ಹೊರಗಿಟ್ಟೆ, ಆಮೇಲೆ ಮಾಲೆ ಎಳೆದು ಹಾಕಿದೆ.

"ಬ್ರೇಕರ್ ಬಿದ್ದಿರಲಿಲ್ಲಾಂದ್ರ ಇನ್ನೊಂದೀಟು ಹೊತ್ತಿಗೆ ವೈರಿನ ಮೈ ಕರಗಿ ಬೆಂಕಿ ಹತ್ತತಿತ್ತು," ಎಂದೆ. "ಕೆಳಗ ಕಾವು ಹತ್ತಿತು, ಅದು ಕೈ ಬಿಟ್ತು. ಅದರ ಕೆಲಸಾನ ಅದು."

ಆದರೆ ದೀಪ ಯಾರದೆಂದು ನಾನು ಹೇಳಲಿಲ್ಲ. ಹಿತ್ತಾಳೆಯದು ನನಗೆ ಗುರುತಿತ್ತು. ಅದರ ಬೆಳಕಿನಲ್ಲಿ ಎಷ್ಟೋ ಸಲ ಚಹಾ ಕುಡಿದಿದ್ದೆ. ಹೆಸರು ಹೋದರೆ ಹೋಗಲಿ, ಬಾಯಿ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತೆ.

ಆಯಿಯೇ ಮುಂದೆ ಬಂದರು. "ಹಿತ್ತಾಳಿದು ನಂದು. ನಿನ್ನ ಬ್ರೇಕರ್ ಇವತ್ತೊಂದಿನ ಬೀಳದಿರಲಿ, ಬಾಗಿಲ ಮ್ಯಾಲ ನಿನ್ನ ಹೆಸರು ಉಳೀಲಿ ಅಂತ ಹಚ್ಚಿದ್ನೆವ್ವಾ."

"ನೋಡಿದ್ರಿ?" ಎಂದರು ಸಾಹೇಬರು. ಧ್ವನಿಯಲ್ಲಿ ಗೆಲುವಿತ್ತು. ಆದರೆ ಆಯಿಯ ಟಾರ್ಚು ಆಗಲೇ ಬೆಳ್ಳಿಯ ದೀಪದ ಮೇಲೆ ಬಿದ್ದಿತ್ತು. ಅದರ ಬುಡದಲ್ಲಿ ಸಾಹೇಬರ ಮನೆತನದ ಅಡ್ಡಹೆಸರು ಕೊರೆದಿತ್ತು.

"ಇದು ನಿಮ್ಮದಲ್ರಿ?" ಎಂದರು ಆಯಿ. "ನೀವ್ಯಾಕ ಹಚ್ಚಿದ್ರಿ?"

ಸಾಹೇಬರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. "ಭಾಷಣದ ನಡುವ ಕರೆಂಟ್ ಹೋಗಬಾರದು ಅಂತ..."

ಮೊದಲು ವಾಚ್‌ಮನ್ ನಕ್ಕ. ಆಮೇಲೆ ತಡೆಯುವವರು ಯಾರೂ ಉಳಿಯಲಿಲ್ಲ. ನಗುವಿನ ನಡುವೆ ಸಾಹೇಬರು ಕೈಯಲ್ಲಿದ್ದ ಠರಾವನ್ನು ಮಡಚಿದರು, ಮತ್ತೆ ಮಡಚಿದರು, ಪುಡಿಕೆಯಷ್ಟು ಸಣ್ಣದಾದ ಮೇಲೆ ಜೇಬಿಗೆ ಹಾಕಿದರು. ಇನ್ನೊಂದು ಜೇಬಿನಿಂದ, ದಸರೆಯಲ್ಲಿ ಬಂಗಾರವೆಂದು ಹಂಚುವ ಎಲೆ ತೆಗೆದು ನನ್ನ ಕೈಗಿಟ್ಟು, "ಬಂಗಾರ ತಗೋರಿ ಬಾಯಿ," ಎಂದರು. ಎಲೆ ಕೊಟ್ಟ ಮೇಲೆ ಜಗಳ ಮಾಡುವಂತಿಲ್ಲ. ನಾನೂ ತೆಗೆದುಕೊಂಡೆ, ಬ್ರೇಕರ್ ಎತ್ತಿದೆ. ಬೆಳಕು ಬಂತು. ಬಾಗಿಲ ಮೇಲಿನ ಹಳದಿ ಅಕ್ಷರಗಳು ಇದ್ದಲ್ಲೇ ಇದ್ದವು.

ಆಗ ಸಾಹೇಬರಿಗೆ ನೆನಪಾಯಿತು. "ಮತ್ತ ಈ ಮೂರನೇದು, ಹಣತಿ, ಯಾರದು?"

ವೈನಿ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ಹೇಳಿದರು:

"ನಂದು. ಇವರ ಭಾಷಣ ಇವತ್ತರೆ ಲಗೂ ಮುಗೀಲಿ ಅಂತ ಬೇಡ್ಕೊಂಡಿದ್ದೆ."

ಗುಂಪಿನ ಹಿಂದಿನಿಂದ ಒಂದು ಗಂಡು ಧ್ವನಿ, ಭಕ್ತಿಯಿಂದ:

"ವೈನಿ, ಮುಂದಿನ ಮೀಟಿಂಗಿಗೂ ಒಂದು ಹಚ್ರಿ!"